ಮನೆಯಲ್ಲೇ ಓದುವ ಮಗುವಿಗೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ

ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ ಕಿನ್ನಿಗೋಳಿ ಹತ್ತಿರದ ನನ್ನ ತಂಗಿಯ ಮನೆಗೆ ಇಬ್ಬರು ಬಂದರು. ಒಬ್ಬರು ಊರಿನ ಅಂಗನವಾಡಿ ಟೀಚರ್. ಇನ್ನೊಬ್ಬರು ಹತ್ತಿರದ ಸರ್ಕಾರಿ ಶಾಲೆಯ ಶಿಕ್ಷಕಿ. ಕೈಯಲ್ಲಿ ಉದ್ದದ ರಿಜಿಸ್ಟರ್. ಶಾಲೆಯಿಂದ ಹೊರಗುಳಿದ ಮಕ್ಕಳ ಸರ್ವೆಗೆ ಬಂದವರು. ತಂಗಿ ಅವರನ್ನು ಚಾವಡಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟಳು. ನಾನೂ ಅಲ್ಲೇ ಇದ್ದೆ.

ಜಗಲಿಯ ಆ ತುದಿಯಲ್ಲಿ ತಂಗಿಯ ಮಗ ಅಜ್ಜನ ಜೊತೆ ಕೂತು ಹಳೆಯ ಸೇರಿನಲ್ಲಿ ಅಕ್ಕಿ ಅಳೆಯುತ್ತಿದ್ದ. ಅವನಿಗೆ ಹತ್ತು ವರ್ಷ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಹಾಗಾದರೆ ಐದು ಮುಡಿಗೆ ಎಷ್ಟು ಸೇರು ಅಂತ ಅಜ್ಜ ಕೇಳಿದರು. ಹುಡುಗ ಬೆರಳು ಮಡಚಿ, ಕಣ್ಣು ಮುಚ್ಚಿ, 210 ಅಂದ. ಆಮೇಲೆ ಪುಸ್ತಕ ತೆಗೆದು ಅದನ್ನೇ ಕಿಲೋ ಲೆಕ್ಕದಲ್ಲಿ ಬರೆಯಲು ಕೂತ.

ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾವ ಶಾಲೆ ಮಗಾ?"

"ಶಾಲೆಗೆ ಹೋಗುದಿಲ್ಲ ಟೀಚರ್. ಮನೆಯಲ್ಲೇ ಓದುದು."

ಶಿಕ್ಷಕಿ ರಿಜಿಸ್ಟರಿನ ಮೇಲೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಾದರು. ಅದರಲ್ಲಿ ಇದ್ದದ್ದು ಎರಡೇ ಜಾಗ. ಶಾಲೆಗೆ ಸೇರಲೇ ಇಲ್ಲ ಎಂಬುದು ಒಂದು. ಸೇರಿ ನಡುವೆ ಬಿಟ್ಟ ಎಂಬುದು ಇನ್ನೊಂದು. ಕಾರಣ ಬರೆಯುವಲ್ಲಿ ಬಡತನ, ವಲಸೆ, ಮನೆಗೆಲಸ, ಕಾಯಿಲೆ ಅಂತ ಇತ್ತು. "ಇದರಲ್ಲಿ ನಿಮ್ಮದು ಯಾವುದೂ ಅಲ್ಲ ಅಲ್ವಾ ಅಕ್ಕಾ? ಎಂತ ಬರೆಯುದು ನಾನು?" ಅಂತ ತಂಗಿಯನ್ನೇ ಕೇಳಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ ಪ್ರಶ್ನೆ ಅದು. ಕೊನೆಗೆ 'ಶಾಲೆ ಬಿಟ್ಟ ಮಗು' ಅಂತ ಬರೆದುಕೊಂಡು ಹೋದರು.

ನಾನು ಹಲವು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ಇಂಥ ಸರ್ವೆಗೆ ನಾನೂ ಮನೆಮನೆ ತಿರುಗಿದ್ದೇನೆ. ಹಾಗಾಗಿ ಎರಡೂ ಕಡೆಯ ಕಷ್ಟ ನನಗೆ ಗೊತ್ತು. ಹೋಮ್‌ಸ್ಕೂಲಿಂಗ್, ಅಂದರೆ ಮನೆಕಲಿಕೆ, ಸರಿಯಾ ತಪ್ಪಾ ಎಂಬ ಚರ್ಚೆ ನಮ್ಮಲ್ಲಿ ಬೇಕಾದಷ್ಟು ನಡೆಯುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಆ ಶಿಕ್ಷಕಿ ಕೇಳಿದ್ದು. ಇಂಥ ಮಗುವನ್ನು ಸರ್ಕಾರ ಯಾವ ಲೆಕ್ಕದಲ್ಲಿ ಬರೆದುಕೊಳ್ಳಬೇಕು?

ಕಾನೂನು ಏನು ಹೇಳುತ್ತದೆ ನೋಡೋಣ. 2002ರ 86ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುವುದು ಸರ್ಕಾರದ ಹೊಣೆ ಅಂತ ಅದು ಹೇಳುತ್ತದೆ. ಅದೇ ತಿದ್ದುಪಡಿ ತಂದೆ ತಾಯಿಗೂ ಒಂದು ಕರ್ತವ್ಯ ಕೊಟ್ಟಿತು. 51ಎ ವಿಧಿಯ ಕೊನೆಯ ಭಾಗದಲ್ಲಿ ಅದಿದೆ. ಮಗುವಿಗೆ ಶಿಕ್ಷಣದ ಅವಕಾಶ ಒದಗಿಸಬೇಕು ಅಂತ. ಗಮನಿಸಿ, ಅಲ್ಲಿ ಇರುವುದು 'ಶಿಕ್ಷಣ' ಎಂಬ ಮಾತು. 'ಶಾಲೆ' ಎಂಬ ಮಾತು ಅಲ್ಲಿ ಇಲ್ಲ.

ಶಾಲೆ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. ನಾವೆಲ್ಲ ಆರ್‌ಟಿಇ ಅಂತ ಕರೆಯುವುದು ಇದನ್ನೇ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದರ 3ನೇ ಸೆಕ್ಷನ್ ಮಗುವಿನ ಹಕ್ಕನ್ನು ನೆರೆಹೊರೆಯ ಶಾಲೆಗೆ ಕಟ್ಟಿ ಹಾಕಿತು. 10ನೇ ಸೆಕ್ಷನ್, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತ ಹೇಳಿತು. ಸೇರಿಸದಿದ್ದರೆ ಏನು ಶಿಕ್ಷೆ? ಕಾಯ್ದೆಯಲ್ಲಿ ಒಂದು ರೂಪಾಯಿ ದಂಡವೂ ಇಲ್ಲ. ದಂಡ ಇರುವುದು ಮಾನ್ಯತೆ ಇಲ್ಲದೆ ಶಾಲೆ ನಡೆಸುವವರಿಗೆ. ಅದು ಒಂದು ಲಕ್ಷದವರೆಗೆ ಹೋಗುತ್ತದೆ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿವರೆಗೆ. ಹತ್ತು ಮನೆಯವರು ಸೇರಿ ಒಂದು ಹಂಚಿನ ಮನೆಯಲ್ಲಿ ಮಕ್ಕಳನ್ನು ಕೂರಿಸಿ ದಿನಾ ಪಾಠ ಶುರು ಮಾಡಿದರೆ, ಇದು ಶಾಲೆಯಾ ಅಲ್ಲವಾ ಎಂಬ ಪ್ರಶ್ನೆ ಅವರ ತಲೆಯ ಮೇಲೆ ತೂಗುತ್ತಲೇ ಇರುತ್ತದೆ.

ಕಡ್ಡಾಯ ಎಂಬ ಮಾತಿಗೂ ಈ ಕಾಯ್ದೆ ತನ್ನದೇ ಅರ್ಥ ಕೊಟ್ಟಿದೆ. ಮಗುವಿನ ದಾಖಲಾತಿ, ಹಾಜರಾತಿ, ಎಂಟನೇ ತರಗತಿವರೆಗಿನ ಓದು ಮುಗಿಯುವಂತೆ ನೋಡಿಕೊಳ್ಳುವ ಕಡ್ಡಾಯ ಸರ್ಕಾರದ ಮೇಲಿದೆ. ಇದನ್ನೇ ಹಿಡಿದು ಕೆಲವರು ಹೇಳುತ್ತಾರೆ, ಕಡ್ಡಾಯ ಸರ್ಕಾರಕ್ಕೆ ಮಾತ್ರ, ನಮಗಲ್ಲ ಅಂತ. 10ನೇ ಸೆಕ್ಷನ್ ತೋರಿಸಿ ಇನ್ನು ಕೆಲವರು ಹೇಳುತ್ತಾರೆ, ನಿಮಗೂ ಇದೆ ಅಂತ. ಸರ್ಕಾರಕ್ಕೇ ಇದರಲ್ಲಿ ಒಂದು ಮಾತು ಇರಲಿಲ್ಲ. ದೆಹಲಿ ಹೈಕೋರ್ಟಿನಲ್ಲಿ ಮನೆಯಲ್ಲೇ ಓದುತ್ತಿದ್ದ ಒಬ್ಬ ಬಾಲಕಿಯ ಅರ್ಜಿ ಬಂದಾಗ, 2012ರಲ್ಲಿ ಕೇಂದ್ರ ಸರ್ಕಾರ ಅಫಿಡವಿಟ್ ಹಾಕಿತು. ತಾವಾಗಿ ಮನೆಕಲಿಕೆ ಆರಿಸಿಕೊಂಡವರಿಗೆ ಕಾಯ್ದೆ ಅಡ್ಡ ಬರುವುದಿಲ್ಲ ಎಂಬುದು ಅದರ ಸಾರ. ಸ್ವಲ್ಪ ಸಮಯದಲ್ಲೇ ಆ ನಿಲುವಿನಿಂದ ಹಿಂದೆ ಸರಿಯಿತು. ಅಲ್ಲಿಂದ ಇಲ್ಲಿಯವರೆಗೆ ತಂದೆ ತಾಯಿ ಹಿಡಿದುಕೊಳ್ಳಬಹುದಾದ ಒಂದು ಗಟ್ಟಿ ಸಾಲು ಆ ಕಾಯ್ದೆಯೊಳಗೆ ಬಂದಿಲ್ಲ.

ಅದೇ 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮದರಸಾ, ವೇದ ಪಾಠಶಾಲೆ, ಮುಖ್ಯವಾಗಿ ಧಾರ್ಮಿಕ ಪಾಠ ಹೇಳುವ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಸೇರಿಸಿದರು. ಉಡುಪಿಯಂಥ ಮಠದ ಊರಿನಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ತೀವ್ರ ಅಂಗವಿಕಲತೆ ಇರುವ ಮಕ್ಕಳು, ಒಂದಕ್ಕಿಂತ ಹೆಚ್ಚು ಅಂಗವಿಕಲತೆ ಇರುವ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯಬಹುದು ಅಂತಲೂ ಸೇರಿಸಿದರು. ಅಂದರೆ ಶಾಲೆಯ ಹೊರಗೂ ಶಿಕ್ಷಣ ಇರಬಹುದು ಎಂಬುದನ್ನು ಕಾಯ್ದೆ ಒಪ್ಪಿಕೊಂಡಿದೆ. ಸಾಮಾನ್ಯ ಮನೆಯೊಂದು ತನ್ನ ಮಗುವಿಗೆ ತಾನೇ ಕಲಿಸುತ್ತೇನೆ ಅಂದರೆ ಮಾತ್ರ ಅದಕ್ಕೆ ಹೌದು ಅನ್ನುವುದಿಲ್ಲ, ಖಡಾಖಂಡಿತವಾಗಿ ಇಲ್ಲ ಅಂತಲೂ ಅನ್ನುವುದಿಲ್ಲ.

ಹಾಗಾದರೆ ಸರ್ಕಾರ ಸುಮ್ಮನಿರಲಿ, ನಮ್ಮ ಪಾಡಿಗೆ ನಮ್ಮನ್ನು ಬಿಡಲಿ ಅನ್ನುವವರು ಇದ್ದಾರೆ. ನನ್ನ ತಂಗಿಯ ಗಂಡನದ್ದೂ ಅದೇ ಮಾತು. ನಾನು ಇದನ್ನು ಒಪ್ಪುವುದಿಲ್ಲ.

ಮಂಗಳೂರಿನಲ್ಲಿ ನಿಂತು ಈ ಮಾತು ಹೇಳುವಾಗ ಕುದ್ಮುಲ್ ರಂಗರಾವ್ ನೆನಪಾಗಬೇಕು. 1892ರಲ್ಲಿ ಅವರು ದಲಿತ ಮಕ್ಕಳಿಗಾಗಿ ಈ ಊರಿನಲ್ಲಿ ಶಾಲೆ ತೆರೆದಾಗ, ಅವರದೇ ಜಾತಿಯವರು ಅವರನ್ನು ದೂರ ಇಟ್ಟರು. ಶಾಲೆಯ ಮೆಟ್ಟಿಲು ಹತ್ತುವುದೇ ಒಂದು ಹೋರಾಟವಾಗಿದ್ದ ಮಕ್ಕಳು ಅವರು. ಅಂಥ ಮನೆಗಳಿಗೆ 'ಪ್ರತಿ ಮಗುವೂ ಶಾಲೆಯಲ್ಲಿ ಇರಬೇಕು' ಎಂಬ ಕಾನೂನು ಕಿರಿಕಿರಿಯಲ್ಲ, ಗೆದ್ದು ತಂದ ಹಕ್ಕು. ಅದನ್ನು ಸಡಿಲ ಮಾಡಿ ಅಂತ ಕೇಳುವಾಗ ಯಾರ ಹಕ್ಕು ಸಡಿಲವಾಗುತ್ತದೆ ಎಂಬುದನ್ನು ನೋಡಲೇಬೇಕು.

ಇನ್ನೂ ಹತ್ತಿರದ್ದು ಹೇಳುತ್ತೇನೆ. ನಾನು ಸರ್ವೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಮನೆಯ ಒಳಗೋಣೆಯಲ್ಲಿ ಹನ್ನೆರಡು ವರ್ಷದ ಹುಡುಗಿ ಅಮ್ಮನ ಪಕ್ಕ ಬೀಡಿ ಕಟ್ಟುತ್ತಾ ಕೂತಿದ್ದಳು. ಮಡಿಲಲ್ಲಿ ಮೊರದಂಥ ಸೂಪು, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು. ನೂಲು ಸುತ್ತುವ ಬೆರಳು ಎಷ್ಟು ಚುರುಕು ಅಂದರೆ, ನಾನು ಹೆಸರು ಬರೆದು ಮುಗಿಸುವಷ್ಟರಲ್ಲಿ ಎರಡು ಬೀಡಿ ಆಗಿತ್ತು. ಶಾಲೆ ಯಾಕೆ ಬಿಟ್ಟಳು ಅಂತ ಕೇಳಿದೆ. "ಮನೆಯಲ್ಲೇ ಓದ್ತಾಳೆ ಟೀಚರ್," ಅಂದರು ಅಮ್ಮ. ಪುಸ್ತಕ ತೋರಿಸಿ ಅಂದೆ. ಅಟ್ಟದಿಂದ ಇಳಿಸಿ ತಂದ ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕದ ಮೇಲೆ ಧೂಳು ಕೂತಿತ್ತು.

ಮಾತು ಒಂದೇ. ತಂಗಿಯ ಮಗ ಹೇಳಿದ್ದೂ ಅದೇ, ಆ ತಾಯಿ ಹೇಳಿದ್ದೂ ಅದೇ. ಎರಡು ಮನೆಯ ನಡುವಿನ ಅಂತರ ಯಾರಾದರೂ ಒಳಗೆ ಬಂದು ನೋಡಿದರೆ ಮಾತ್ರ ತಿಳಿಯುವಂಥದ್ದು. ಮಲ್ಪೆ ಬಂದರಿನ ಹತ್ತಿರದ ಶೆಡ್ಡುಗಳಲ್ಲಿ, ಮಂಗಳೂರಿನ ಹೊಸ ಕಟ್ಟಡಗಳ ಬುಡದಲ್ಲಿ ಬಾಗಲಕೋಟೆ, ಗದಗ, ಕೊಪ್ಪಳದಿಂದ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ತಮ್ಮನನ್ನು ಎತ್ತಿಕೊಂಡು ಕೂರುವ ಅಕ್ಕಂದಿರು. ಶಾಲೆ ಬಿಟ್ಟ ಮಕ್ಕಳ ಸರ್ವೆ ಇರುವುದೇ ಇವರಿಗಾಗಿ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಈ ಮಕ್ಕಳ ವಿಚಾರವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಆ ಕಣ್ಗಾವಲು ಇಲ್ಲದಿದ್ದರೆ ಎಷ್ಟೋ ಮಕ್ಕಳು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಬಾಲಕಾರ್ಮಿಕ ಕಾನೂನಿನಲ್ಲೂ ಇದಕ್ಕೆ ಹೊಂದಿಕೊಂಡ ಒಂದು ಗಂಟು ಇದೆ. 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ಎಲ್ಲ ಕಡೆ ನಿಷೇಧಿಸಿತು. ಒಂದು ರಿಯಾಯಿತಿ ಕೊಟ್ಟಿತು. ಅಪಾಯದ ಪಟ್ಟಿಯಲ್ಲಿ ಇಲ್ಲದ ಮನೆ ಕಸುಬಿನಲ್ಲಿ ಮಗು ನೆರವಾಗಬಹುದು, ಆದರೆ ದಿನದ ಶಾಲೆ ಮುಗಿದ ಮೇಲೆ, ಇಲ್ಲವೇ ರಜೆಯಲ್ಲಿ. ಶಾಲೆಯೇ ಇಲ್ಲದ ಮಗುವಿಗೆ ಶಾಲೆ ಬಿಡುವ ಹೊತ್ತು ಯಾವುದು? ಅಡಿಕೆ ತೋಟದಲ್ಲಿ ಅಜ್ಜನ ಜೊತೆ ಅಡಿಕೆ ಹೆಕ್ಕುವುದು ಪಾಠವಾ, ಕೆಲಸವಾ? ತಂಗಿಯ ಮನೆಯಲ್ಲಿ ಅದು ಪಾಠ ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಎಲ್ಲ ಮನೆಯಲ್ಲೂ ಹಾಗೇ ಅಂತ ನಾನು ಸಹಿ ಹಾಕಲಾರೆ.

ಹಾಗಾಗಿ ಸರ್ಕಾರ ನೋಡಬೇಕು. ನೋಡುವುದಕ್ಕೆ ಮೊದಲು ಇಂಥ ಮಕ್ಕಳಿದ್ದಾರೆ ಅಂತ ಒಪ್ಪಿಕೊಳ್ಳಬೇಕು. ಈಗ ಒಪ್ಪಿಕೊಳ್ಳದೆ ಇರುವುದರಿಂದ ಏನಾಗುತ್ತಿದೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಮಗುವಿನ ಹೆಸರು ಒಂದು ಶಾಲೆಯಲ್ಲಿ, ಮಗು ಮನೆಯಲ್ಲಿ. ಕರಾವಳಿಯ ಎಷ್ಟೋ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಮ್ಮಿಯಾಗುತ್ತಿದ್ದಾರೆ. ಒಂದೊಂದು ಹೆಸರಿಗೂ ಬೆಲೆ ಇದೆ. 'ಹೆಸರು ಮಾತ್ರ ಇರಲಿ, ಪರೀಕ್ಷೆಗೆ ಬನ್ನಿ ಸಾಕು' ಎಂಬ ಮಾತು ಎರಡೂ ಕಡೆಗೆ ಅನುಕೂಲ. ಇಲಾಖೆಯ ಕಂಪ್ಯೂಟರಿನಲ್ಲಿ ಮಗುವನ್ನು ಗುರುತಿಸುವ ಸ್ಯಾಟ್ಸ್ ನಂಬರ್ ಸಿಗುತ್ತದೆ, ಟಿಸಿ ಸಿಗುತ್ತದೆ, ಸರ್ವೆಯವರು ಬರುವುದಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ದಿನಾ ಒಂದು ಸುಳ್ಳು ಬರೆಯಬೇಕಾಗುತ್ತದೆ. ತಂಗಿಗೂ ಒಬ್ಬರು ಈ ದಾರಿ ಹೇಳಿದ್ದರು. ಅವಳು ಬೇಡ ಅಂದಳು. "ಮಗನಿಗೆ ಮನೆಯಲ್ಲಿ ಕಲಿಸುವ ಮೊದಲನೇ ಪಾಠವೇ ಸುಳ್ಳು ಆಗಬೇಕಾ?" ಅಂದಳು. ಅದಕ್ಕೇ ರಿಜಿಸ್ಟರಿನಲ್ಲಿ ಅವಳ ಮಗ ಶಾಲೆ ಬಿಟ್ಟವನಾದ.

ನಮ್ಮ ಕಡೆ ಮನೆಕಲಿಕೆಗೆ ಬರುವವರು ಒಂದೇ ರೀತಿಯವರಲ್ಲ. ಕೆಲಸ ಬಿಟ್ಟು ಊರಿಗೆ ಮರಳಿ ತೋಟ ಮಾಡುವವರು ಇದ್ದಾರೆ. ಓದುವ ಕಷ್ಟ ಇರುವ ಮಗುವನ್ನು ಕ್ಲಾಸಿನಲ್ಲಿ ಹೀಯಾಳಿಸಿದ್ದು ತಡೆಯಲಾಗದೆ ಬಿಡಿಸಿದವರು ಇದ್ದಾರೆ. ಯಕ್ಷಗಾನ, ಸಂಗೀತ, ಈಜು ಅಂತ ಒಂದರ ಹಿಂದೆ ಬಿದ್ದ ಮಕ್ಕಳಿದ್ದಾರೆ. ಗಲ್ಫ್‌ನಿಂದ ನಡುವರ್ಷದಲ್ಲಿ ಬಂದು ಸದ್ಯಕ್ಕೆ ಮನೆಯಲ್ಲೇ ಇರಲಿ ಅಂದವರೂ ಇದ್ದಾರೆ. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುವ ಮಗು ಮೊದಲ ದಿನವೇ ಇಂಗ್ಲಿಷ್ ಮೀಡಿಯಂನಲ್ಲಿ ಬಾಯಿ ಕಟ್ಟಿಕೊಂಡು ಕೂರುವುದು ಬೇಡ ಅನ್ನುವವರ ಮಾತು ನನಗೆ ಹೆಚ್ಚು ನಾಟುತ್ತದೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಜೊತೆ ಮಾಡಿದ ಪ್ರಯೋಗಗಳನ್ನು ನೋಡಿ ಬೆಳೆದ ಜಿಲ್ಲೆ ಇದು. ಗೋಡೆಯ ಹೊರಗೆ ಮಗು ಕಲಿಯುತ್ತದೆ ಅಂದರೆ ಇಲ್ಲಿ ಯಾರೂ ಬೆಚ್ಚಿ ಬೀಳುವುದಿಲ್ಲ.

ನಿಜವಾದ ತೊಂದರೆ ಶುರುವಾಗುವುದು ಕಾಗದಪತ್ರದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆಕಲಿಕೆ ಆರಿಸಿಕೊಳ್ಳುವವರು ಮಗು ಆರು ವರ್ಷ ಇರುವಾಗ ಇದನ್ನು ಯೋಚಿಸುವುದಿಲ್ಲ. ಯೋಚಿಸಲೇಬೇಕು.

14 ವರ್ಷದವರೆಗೆ ವಾಪಸ್ ಬರುವ ಬಾಗಿಲು ತೆರೆದಿದೆ. ಆರ್‌ಟಿಇಯ 4ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಪ್ರವೇಶ ಪರೀಕ್ಷೆ ಮಾಡುವಂತಿಲ್ಲ. ಟಿಸಿ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಹತ್ತು ವರ್ಷದ ಹುಡುಗ ನಾಳೆ ಮನಸ್ಸು ಬದಲಿಸಿ ಶಾಲೆಗೆ ಹೋಗುತ್ತೇನೆ ಅಂದರೆ ಐದನೇ ತರಗತಿಯಲ್ಲಿ ಕೂರಬಹುದು. ಎಷ್ಟೋ ತಂದೆ ತಾಯಿಗೆ ಇದು ಗೊತ್ತಿಲ್ಲ. ಕೆಲವು ಮುಖ್ಯೋಪಾಧ್ಯಾಯರಿಗೂ ನೆನಪಿಲ್ಲ.

ಎಂಟನೇ ತರಗತಿ ದಾಟಿದ ಮೇಲೆ ಆ ರಕ್ಷಣೆ ಮುಗಿಯುತ್ತದೆ. ಒಂಬತ್ತಕ್ಕೆ ನೇರ ಸೇರಿಸಿ ಅಂದರೆ ಎಂಟು ಪಾಸಾದ ಕಾಗದ ಎಲ್ಲಿ ಅಂತ ಕೇಳುತ್ತಾರೆ. ಆಗ ಹೆಚ್ಚಿನವರು ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್. 1989ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಕೆಳಗಿರುವ ಸಂಸ್ಥೆ ಇದು. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಕನಿಷ್ಠ ಐದು ವಿಷಯ. ಕನ್ನಡವೂ ಒಂದು ಭಾಷಾ ವಿಷಯವಾಗಿ ಇದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಒಮ್ಮೆ ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಮುಗಿಸಬಹುದು. ಮನೆಯಲ್ಲಿ ಓದಿದ ಮಗುವಿಗೆ ಇದಕ್ಕಿಂತ ಹದವಾದ ಪರೀಕ್ಷೆ ಸಿಗುವುದು ಕಷ್ಟ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ಇದೆ.

ಹತ್ತು ಪಾಸಾಯಿತು, ಇನ್ನು ಚಿಂತೆ ಇಲ್ಲ ಅಂದುಕೊಳ್ಳುವಾಗ ಸಿಇಟಿ ಬರುತ್ತದೆ. ನಮ್ಮ ಜಿಲ್ಲೆಯವರಿಗೆ ಸಿಇಟಿ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಎಲ್ಲ ಸರ್ಕಾರಿ ಸೀಟಿಗೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮೊದಲು ಕೇಳುವುದು ಅರ್ಹತೆಯ ಕಲಂ. ಹೆಚ್ಚಿನವರು ಹೋಗುವುದು ಮೊದಲ ಕಲಮಿನಲ್ಲಿ. 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅದಕ್ಕೆ ಶಾಲೆ ಕೊಟ್ಟ ವ್ಯಾಸಂಗ ಪ್ರಮಾಣಪತ್ರ ಬೇಕು. ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ ಅವರ ಸಹಿ ಬೇಕು. ಕಿನ್ನಿಗೋಳಿಯಲ್ಲಿ ಹುಟ್ಟಿ, ಕಿನ್ನಿಗೋಳಿಯಲ್ಲೇ ಬೆಳೆದು, ಒಂದು ದಿನವೂ ರಾಜ್ಯ ಬಿಟ್ಟು ಹೊರಗೆ ಹೋಗದ ಹುಡುಗ ಆ 7 ವರ್ಷವನ್ನು ತೋರಿಸಲಾರ. ಅವನು ಕಲಿತ ವರ್ಷಗಳಿಗೆ ಸಹಿ ಹಾಕುವವರು ಯಾರೂ ಇಲ್ಲ.

ಇನ್ನೊಂದು ಕಲಂ ಇದೆ. ಪಿಯುಸಿ ಎರಡೂ ವರ್ಷ ಇಲ್ಲೇ ಕಾಲೇಜಿನಲ್ಲಿ ಓದಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ನಡೆಯುತ್ತದೆ. ನನ್ನ ತಂಗಿಗೆ ನಾನು ಹೇಳಿದ್ದು ಇದನ್ನೇ. ನಿನ್ನ ಪ್ರಾಥಮಿಕ ಶಾಲೆಯ ಪ್ರಮಾಣಪತ್ರ ಈಗಲೇ ತೆಗೆದಿಟ್ಟುಕೋ, ಶಾಲೆ ಮುಚ್ಚಿ ಹೋದರೆ ದಾಖಲೆ ಹುಡುಕುವುದು ಕಷ್ಟ ಅಂತ. ಆದರೆ ಗ್ರಾಮೀಣ ಮೀಸಲಾತಿಯ 15 ಶೇಕಡಾ, ಕನ್ನಡ ಮಾಧ್ಯಮದ 5 ಶೇಕಡಾ, ಇವೆರಡೂ ಅವನಿಗೆ ಹೋದ ಹಾಗೆಯೇ. ಅವೆರಡಕ್ಕೂ 1ರಿಂದ 10ರವರೆಗಿನ ಶಾಲೆಯ ಪ್ರಮಾಣಪತ್ರವೇ ಬೇಕು. ಹಳ್ಳಿಯಲ್ಲೇ, ಕನ್ನಡದಲ್ಲೇ ಕಲಿತ ಮಗು ಹಳ್ಳಿಯದ್ದೂ ಅಲ್ಲ, ಕನ್ನಡದ್ದೂ ಅಲ್ಲ. ಇದು ನನಗೆ ತುಂಬ ನೋವು ಕೊಡುವ ಮಾತು.

ಸಣ್ಣ ಸಣ್ಣವು ಇನ್ನೂ ಇವೆ. ಬಸ್ಸಿನ ವಿದ್ಯಾರ್ಥಿ ಪಾಸಿಗೆ ಶಾಲೆ ಬೇಕು. ಪ್ರತಿಭಾ ಕಾರಂಜಿಗೆ ಶಾಲೆ ಬೇಕು. ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಶಾಲೆ ಬೇಕು. ಆರೋಗ್ಯ ಇಲಾಖೆಯ ತಂಡ ಕಣ್ಣು, ಹಲ್ಲು ನೋಡಲು ಬರುವುದು ಶಾಲೆಗೆ. ಮಗುವಿಗೆ ಕನ್ನಡಕ ಬೇಕು ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತಾಗುವುದೇ ಆ ದಿನ.

ಪಠ್ಯಪುಸ್ತಕದ ತೊಂದರೆ ಮಾತ್ರ ಇಲ್ಲ. ರಾಜ್ಯದ ಎಲ್ಲ ಪುಸ್ತಕಗಳೂ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ.

ಇಲಾಖೆಗೆ ಮನೆಗೆ ಹೋಗಿ ಮಗುವಿನ ಕಲಿಕೆ ನೋಡುವುದು ಹೊಸತಾ? ಅಲ್ಲ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಕೆಳಗೆ ಗೃಹಾಧಾರಿತ ಶಿಕ್ಷಣ ಅಂತ ಇದೆ. ಹಾಸಿಗೆ ಬಿಟ್ಟು ಏಳಲಾಗದ, ಶಾಲೆಗೆ ಬರಲಾಗದ ಮಕ್ಕಳ ಮನೆಗೆ ವಿಶೇಷ ತರಬೇತಿ ಪಡೆದ ಶಿಕ್ಷಕರು ಹೋಗುತ್ತಾರೆ. ಇಲಾಖೆಯ ಮಾತಿನಲ್ಲಿ ಅವರು ಬಿಐಇಆರ್‌ಟಿ. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಕೊಕ್ಕಡದಂಥ ಊರುಗಳಿರುವ ನಮ್ಮ ಕರಾವಳಿಯಲ್ಲಿ ಈ ಕೆಲಸದ ಬೆಲೆ ಏನು ಅಂತ ಬಾಯಲ್ಲಿ ಹೇಳಿ ಮುಗಿಯುವುದಿಲ್ಲ. ಒಮ್ಮೆ ಅಂಥ ಶಿಕ್ಷಕರೊಬ್ಬರ ಜೊತೆ ನಾನು ಹೋಗಿದ್ದೆ. ಮಗುವಿನ ಹೆಸರಿನ ಒಂದು ಫೈಲು. ಅದರಲ್ಲಿ ಈ ವರ್ಷದ ಗುರಿ ಅಂತ ನಾಲ್ಕೇ ಸಾಲು. ಚಮಚ ಹಿಡಿಯುವುದು. ಅಮ್ಮನ ಹೆಸರು ಗುರುತಿಸುವುದು. ಐದರವರೆಗೆ ಎಣಿಸುವುದು. ಬಾಯಾರಿಕೆ ಆದಾಗ ಕೈ ತೋರಿಸುವುದು. ಪ್ರತಿ ಭೇಟಿಯ ದಿನಾಂಕ, ಏನಾಯಿತು ಎಂಬ ಟಿಪ್ಪಣಿ, ತಾಯಿಯ ಸಹಿ. ಆ ಮಗುವಿನ ಹೆಸರು ಹತ್ತಿರದ ಶಾಲೆಯ ದಾಖಲೆಯಲ್ಲೂ ಇತ್ತು.

ಇಷ್ಟು ಸಾಕಲ್ವಾ? ಮಗು ಮನೆಯಲ್ಲಿ, ಹೆಸರು ದಾಖಲೆಯಲ್ಲಿ, ನೋಡುವವರು ಒಬ್ಬರು, ಬರೆದಿಡುವ ಒಂದು ಫೈಲು. ಸುಳ್ಳು ಇಲ್ಲ, ಮುಚ್ಚುಮರೆ ಇಲ್ಲ. ಇದೇ ಅಚ್ಚನ್ನು ಉಳಿದ ಮಕ್ಕಳಿಗೂ ಬಳಸಲು ಹೊಸ ಇಲಾಖೆ ಬೇಡ, ಹೊಸ ಕಟ್ಟಡ ಬೇಡ. ನಾನು ಈ ಲೇಖನ ಬರೆಯಲು ಕೂತದ್ದೇ ಆ ನಾಲ್ಕು ಸಾಲಿನ ಫೈಲು ನೆನಪಾಗಿ.

ಬೇರೆ ದೇಶಗಳನ್ನು ನೋಡಿದರೆ ಎರಡು ತುದಿಯೂ ಕಾಣುತ್ತದೆ. ಜರ್ಮನಿಯಲ್ಲಿ ಮನೆಕಲಿಕೆಗೆ ಅವಕಾಶವೇ ಇಲ್ಲ ಅನ್ನಬೇಕು, ಮಗು ಶಾಲೆಗೆ ಹೋಗಲೇಬೇಕು. ಅಮೆರಿಕದಲ್ಲಿ ಐವತ್ತೂ ರಾಜ್ಯಗಳಲ್ಲಿ ಇದು ಕಾನೂನುಬದ್ಧ. ಆದರೆ ಕೆಲವು ರಾಜ್ಯಗಳು ವರ್ಷ ವರ್ಷ ಕಲಿಕೆಯ ವರದಿ ಕೇಳುತ್ತವೆ, ಕೆಲವು ಕಡೆ ಮಗುವನ್ನು ಬಿಡಿಸಿದ್ದನ್ನು ಯಾರಿಗೂ ಹೇಳಬೇಕಾಗಿಯೂ ಇಲ್ಲ. ನನಗೆ ಹಿಡಿಸುವುದು ನ್ಯೂಜಿಲೆಂಡಿನ ರೀತಿ. ಅಲ್ಲಿ ತಂದೆ ತಾಯಿ ಅರ್ಜಿ ಹಾಕಿ ವಿನಾಯಿತಿ ಪತ್ರ ಪಡೆಯಬೇಕು. ಶಾಲೆಯಲ್ಲಿ ಕಲಿಸುವಷ್ಟೇ ನಿಯಮಿತವಾಗಿ, ಅಷ್ಟೇ ಚೆನ್ನಾಗಿ ಕಲಿಸುತ್ತೇವೆ ಅಂತ ತೋರಿಸಬೇಕು. ಪತ್ರ ಸಿಕ್ಕ ಮೇಲೆ ಸರ್ಕಾರ ವರ್ಷಕ್ಕೆ ಸ್ವಲ್ಪ ಹಣವನ್ನೂ ಕೊಡುತ್ತದೆ. ಹೇಗೆ ಕಲಿಸುತ್ತೀರಿ ಎಂಬುದು ಮನೆಯವರ ಆಯ್ಕೆ. ಕಲಿಸುತ್ತಿದ್ದೀರಾ ಎಂಬುದು ಮಾತ್ರ ಸರ್ಕಾರದ ಪ್ರಶ್ನೆ.

ನಮ್ಮಲ್ಲಿ ಹಣ ಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಗುವನ್ನು ಮನೆಯಲ್ಲಿ ಇಟ್ಟುಕೊಂಡರೆ ದುಡ್ಡು ಸಿಗುತ್ತದೆ ಅಂತಾದರೆ, ಆ ಬೀಡಿ ಕಟ್ಟುವ ಹುಡುಗಿ ಮತ್ತೆಂದೂ ಶಾಲೆಯ ಮುಖ ನೋಡುವುದಿಲ್ಲ. ಹಣ ಸರ್ಕಾರಿ ಶಾಲೆಗೇ ಹೋಗಲಿ, ಅಲ್ಲಿ ಬೇಕಾದದ್ದು ಇನ್ನೂ ಬಹಳ ಇದೆ. ಮನೆಯಲ್ಲಿ ಕಲಿಯುವ ಮಕ್ಕಳಿಗೆ ಬೇಕಾದದ್ದು ಬಾಗಿಲು ತೆರೆದಿಡುವುದು.

ನಾನು ಕೇಳುವುದು ದೊಡ್ಡದೇನಲ್ಲ. ಬಿಇಒ ಕಚೇರಿಯಲ್ಲಿ ಒಂದು ಫಾರಂ ಇರಲಿ. ತಂದೆ ತಾಯಿ ಅದನ್ನು ತುಂಬಿ, ನಾವು ಮನೆಯಲ್ಲಿ ಕಲಿಸುತ್ತೇವೆ, ಇಂಥ ಭಾಷೆಯಲ್ಲಿ, ಇಂಥವರು ಕಲಿಸುತ್ತಾರೆ ಅಂತ ತಿಳಿಸಲಿ. ಇದು ಅನುಮತಿ ಕೇಳುವ ಅರ್ಜಿ ಆಗಬಾರದು. ಅನುಮತಿ ಅಂದ ಕೂಡಲೇ ಕಚೇರಿಗೆ ಹತ್ತು ಸಲ ಅಲೆಯಬೇಕಾಗುತ್ತದೆ, ಅಲೆಯಲು ಸಮಯ ಇರುವವರಿಗೆ ಮಾತ್ರ ಅದು ಸಿಗುತ್ತದೆ. ತಿಳಿಸಿದ ಮೇಲೆ ವರ್ಷಕ್ಕೆ ಒಂದೆರಡು ಸಲ ಕ್ಲಸ್ಟರಿನ ಸಿಆರ್‌ಪಿ, ಅಂದರೆ ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು, ಮನೆಗೆ ಬರಲಿ. ಮಗುವಿನ ಜೊತೆ ಅರ್ಧ ಗಂಟೆ ಕೂತು ಮಾತಾಡಲಿ. ಏನು ಓದುತ್ತೀ, ಏನು ಬರೆದೆ, ತೋರಿಸು ಅಂತ ಕೇಳಲಿ. ಟೈಂಟೇಬಲ್ ಕೇಳುವುದು ಬೇಡ. ಆರ್‌ಟಿಇ ಪ್ರಕಾರ ಶಾಲೆ 1ರಿಂದ 5ರವರೆಗೆ ವರ್ಷಕ್ಕೆ 200 ದಿನ, 6ರಿಂದ 8ರವರೆಗೆ 220 ದಿನ ನಡೆಯಬೇಕು. ಮನೆಗೆ ಆ ಲೆಕ್ಕ ಹಾಕಿದರೆ ಅರ್ಥವಿಲ್ಲ. ಮನೆಯಲ್ಲಿ ಭಾನುವಾರವೂ ಪಾಠ ಆಗುತ್ತದೆ, ಕಟಾವಿನ ವಾರ ಪುಸ್ತಕ ತೆರೆಯುವುದೇ ಇಲ್ಲ. ಎರಡು ಭೇಟಿಯ ನಡುವೆ ಮಗು ಮುಂದೆ ಹೋಗಿದೆಯಾ ಎಂಬುದನ್ನು ನೋಡಿದರೆ ಸಾಕು. ಹೋಗದಿದ್ದರೆ ಎಚ್ಚರಿಸಲಿ, ಆಮೇಲೂ ಹೋಗದಿದ್ದರೆ ಶಾಲೆಗೆ ಸೇರಿಸಲಿ. ಅದಕ್ಕೆ ನನ್ನ ಒಪ್ಪಿಗೆ ಪೂರ್ತಿ ಇದೆ.

ಆ ಭೇಟಿಯ ಟಿಪ್ಪಣಿಯೇ ಮುಂದೆ ವ್ಯಾಸಂಗದ ದಾಖಲೆಯಾಗಲಿ. ಅದರ ಮೇಲೆ ಬಿಇಒ ಸಹಿ ಬಿದ್ದರೆ ಸಿಇಟಿಯ 7 ವರ್ಷದ ಗಂಟು ಬಿಚ್ಚುತ್ತದೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಯ ಪ್ರಶ್ನೆಯೂ ಬಿಚ್ಚುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮುಕ್ತ ಶಾಲೆಯ ಮೂಲಕ 3, 5, 8ನೇ ತರಗತಿಗೆ ಸಮಾನವಾದ ಎ, ಬಿ, ಸಿ ಹಂತಗಳನ್ನು ಕೊಡುವ ಮಾತಿದೆ. ಸಿ ಹಂತ ಮನೆಯಲ್ಲಿ ಓದಿದ ಮಕ್ಕಳಿಗೆ ನಮ್ಮ ಜಿಲ್ಲೆಯಲ್ಲೇ, ಕನ್ನಡದಲ್ಲೇ ಬರೆಯಲು ಸಿಕ್ಕಿದರೆ ಒಂಬತ್ತನೇ ತರಗತಿಯ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ.

ಈ ವಿಷಯದಲ್ಲಿ ನನಗಿರುವ ಒಂದು ಹೆದರಿಕೆಯನ್ನೂ ಹೇಳಬೇಕು. ಸಿಆರ್‌ಪಿಗಳ ಮೇಲೆ ಈಗಲೇ ಹೊರೆ ಜಾಸ್ತಿ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಸಭೆ, ತರಬೇತಿ. ಅದರ ನಡುವೆ ಮನೆ ಭೇಟಿ ಅಂದರೆ ಕಚೇರಿಯಲ್ಲೇ ಕೂತು 'ಭೇಟಿ ಮಾಡಲಾಗಿದೆ' ಅಂತ ಬರೆಯುವುದೂ ನಡೆಯಬಹುದು. ಹಾಗಾದರೆ ಒಂದು ಸುಳ್ಳಿನ ಜಾಗಕ್ಕೆ ಇನ್ನೊಂದು ಸುಳ್ಳು ಬಂತು ಅಷ್ಟೇ. ಇದನ್ನು ತಪ್ಪಿಸಲು ನನಗೆ ತೋಚುವ ದಾರಿ, ಮನೆಗೆ ಬರಲಾಗದಿದ್ದರೆ ಮಗುವೇ ತಿಂಗಳಿಗೊಮ್ಮೆ ಹತ್ತಿರದ ಶಾಲೆಗೆ ಹೋಗುವುದು. ಒಂದು ದಿನ ಅಲ್ಲಿಯ ಮಕ್ಕಳ ಜೊತೆ ಕೂರುವುದು, ಆಡುವುದು, ಲೈಬ್ರರಿಯಿಂದ ಪುಸ್ತಕ ತರುವುದು, ಬಿಸಿಯೂಟ ಉಣ್ಣುವುದು. ಮನೆಯಲ್ಲಿ ಓದುವ ಮಕ್ಕಳಿಗೆ ಜೊತೆಗಾರರು ಸಿಗುವುದಿಲ್ಲ ಎಂಬ ದೂರು ಸುಳ್ಳಲ್ಲ. ಶಾಲೆಗೂ ಹತ್ತು ಮಕ್ಕಳ ನಡುವೆ ಹನ್ನೊಂದನೆಯವನು ಬಂದರೆ ಬೇಡ ಅನ್ನಿಸುವುದಿಲ್ಲ.

ಇದನ್ನೇ ಒಮ್ಮೆ ಮಾಡಿ ನೋಡಿದೆವು. ತಂಗಿಯ ಮಗನಿಗೆ ಖೋ ಖೋ ಅಂದರೆ ಪ್ರಾಣ. ಸಂಜೆ ಹೊತ್ತು ಶಾಲೆಯ ಮೈದಾನದಲ್ಲಿ ಮಕ್ಕಳು ಆಡುವುದನ್ನು ಕಂಪೌಂಡಿನ ಹೊರಗೆ ನಿಂತು ನೋಡುತ್ತಿದ್ದ. ನಾನೇ ಅವನನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. ಹುಡುಗನ ತಲೆ ನೇವರಿಸಿದರು. ಓಡಿ ತೋರಿಸು ಅಂದರು. ಓಡಿದ್ದು ನೋಡಿ ನಕ್ಕರು.

ಆಮೇಲೆ ನನ್ನ ಕಡೆ ತಿರುಗಿ, "ಬರ್ಲಿ ಟೀಚರ್, ನಂಗೇನು ಬೇಜಾರಿಲ್ಲ. ಆದ್ರೆ ಬಿದ್ದು ಕೈ ಮುರ್ಕೊಂಡ್ರೆ ಯಾವ ಮಗು ಅಂತ ಬರೆಯುದು ನಾನು?" ಅಂದರು.

ಹುಡುಗ ಆಗಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.